ಅಗ್ಗದ ಟ್ರೆಕ್ ಯಾವುದು ಎಂದು ಕೇಳಿದವರಿಗೆ

ಪೆರುವಿನಿಂದ ಬಂದು ಫೋಟೋ ಹಾಕಿದ ಮೇಲೆ ಇನ್‌ಬಾಕ್ಸ್‌ನಲ್ಲಿ ಹೆಚ್ಚಿನವರದ್ದು ಒಂದೇ ಪ್ರಶ್ನೆ. "ಅಕ್ಕಾ, ಮಾಚು ಪಿಚುಗೆ ನಡ್ಕೊಂಡು ಹೋಗೋಕೆ ಯಾವ ಏಜೆನ್ಸಿ ಅಗ್ಗ?" ಒಬ್ಬೊಬ್ಬರಿಗೇ ಉತ್ತರ ಬರೆಯುತ್ತಾ ಕೂತರೆ ಮುಗಿಯುವುದಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಉದ್ದವಾಗುತ್ತದೆ, ದಯವಿಟ್ಟು ಪೂರ್ತಿ ಓದಿ.

ಮಾಚು ಪಿಚು ಅಂದರೆ ಪೆರುವಿನ ಬೆಟ್ಟದ ಮೇಲೆ ಇಂಕಾ ಜನ ಕಟ್ಟಿದ ಹಳೆಯ ಊರು, ಅಲ್ಲಿಗೆ ನಡೆದು ಹೋಗುವ ಅವರದ್ದೇ ಕಾಲದ ದಾರಿ ಇಂಕಾ ಟ್ರೇಲ್. ನಾಲ್ಕು ಹಗಲು, ಮೂರು ರಾತ್ರಿ, ಸುಮಾರು 42 ಕಿಲೋಮೀಟರ್ ನಡಿಗೆ. ಕುಸ್ಕೋ ಊರಿನಿಂದ ಬರುವ ರೈಲು ಹಳಿಯ 82ನೇ ಕಿಲೋಮೀಟರ್ ಹತ್ತಿರ ಶುರುವಾಗುತ್ತದೆ. ನಮ್ಮಷ್ಟಕ್ಕೆ ನಾವು ಹೋಗುವಂತಿಲ್ಲ, ಪರವಾನಗಿ ಇರುವವರ ಜೊತೆಗೇ ಹೋಗಬೇಕು. ದಿನಕ್ಕೆ 500 ಜನರಿಗಷ್ಟೇ ಪ್ರವೇಶ. ಆ ಲೆಕ್ಕದಲ್ಲಿ ಗೈಡ್, ಅಡುಗೆಯವರು, ಹೊರೆ ಹೊರುವವರು ಎಲ್ಲರೂ ಸೇರುವುದರಿಂದ ಪ್ರವಾಸಿಗರಿಗೆ ಸಿಗುವುದು ಸುಮಾರು 200. ಫೆಬ್ರವರಿಯಲ್ಲಿ ದಾರಿಯ ರಿಪೇರಿಗೆ ಅಂತ ಇಡೀ ತಿಂಗಳು ಮುಚ್ಚಿಬಿಡುತ್ತಾರೆ. ಪರ್ಮಿಟ್, ಮಾಚು ಪಿಚು ಪ್ರವೇಶ, ವಾಪಸ್ ಬರುವ ರೈಲು, ಇವು ಯಾವ ಏಜೆನ್ಸಿಗೂ ಬಿಟ್ಟಿ ಬರುವುದಿಲ್ಲ. ಹಾಗಿದ್ದ ಮೇಲೆ ಒಬ್ಬನು ಉಳಿದವರಿಗಿಂತ ಅಷ್ಟೊಂದು ಕಡಿಮೆಗೆ ಕರೆದುಕೊಂಡು ಹೋಗುತ್ತೇನೆ ಅಂದರೆ ಆ ದುಡ್ಡು ಎಲ್ಲಿ ಉಳಿಯಿತು? ಕತ್ತರಿ ಹಾಕಲು ಬಾಕಿ ಇರುವುದು ಹೊರುವವರ ಕೂಲಿ, ಅವರ ಊಟ, ಅವರು ಮಲಗುವ ಜಾಗ.

ನಾವು ಎಂಟು ಜನ, ನಮಗಾಗಿ ಹೊರುವವರು ಹನ್ನೆರಡು ಮಂದಿ. ಟೆಂಟು, ಗ್ಯಾಸ್ ಸಿಲಿಂಡರ್, ಪಾತ್ರೆ, ಮಡಚುವ ಕುರ್ಚಿ, ಮೊಟ್ಟೆ, ಅಕ್ಕಿ, ಕೊನೆಗೆ ನಮ್ಮ ಬಟ್ಟೆಯ ಚೀಲವೂ ಅವರ ಬೆನ್ನ ಮೇಲೆಯೇ. ನಮ್ಮ ಪಾಸ್‌ಪೋರ್ಟ್ ನೋಡುವ ಗೇಟಿನಲ್ಲಿ ಅವರ ಹೊರೆಗಳನ್ನು ಒಂದೊಂದಾಗಿ ತಕ್ಕಡಿಗೆ ಏರಿಸಿದರು. ಗಂಡಸಿಗೆ 20 ಕೆಜಿ, ಹೆಂಗಸಿಗೆ 15 ಕೆಜಿ, ಅದಕ್ಕಿಂತ ಹೆಚ್ಚು ಹೊರಿಸುವಂತಿಲ್ಲ ಎಂದು ಕಾನೂನೇ ಇದೆ. ಕಾನೂನು ಬರುವ ಮೊದಲು ಇದರ ಎರಡರಷ್ಟು ಹೊರಿಸುತ್ತಿದ್ದ ಕಾಲವೂ ಇತ್ತು. ಸ್ಲೀಪಿಂಗ್ ಬ್ಯಾಗ್ ಸೇರಿ ನಮ್ಮ ಚೀಲ ಏಳು ಕೆಜಿ ದಾಟಬಾರದು ಎಂದು ಗೈಡ್ ಹಿಂದಿನ ರಾತ್ರಿಯೇ ಹೇಳಿದ್ದ. ಆಗ ಎರಡು ಸ್ವೆಟರ್, ಒಂದು ದಪ್ಪ ಪುಸ್ತಕ, ಚಟ್ನಿಪುಡಿ ಡಬ್ಬಿ ತೆಗೆದು ಕುಸ್ಕೋ ಹೋಟೆಲಿನಲ್ಲೇ ಬಿಟ್ಟೆ. ಮನಸ್ಸಿಗೆ ಕಸಿವಿಸಿಯಾಗಿತ್ತು. ಬೆಳಿಗ್ಗೆ ಆ ತಕ್ಕಡಿ ನೋಡಿದಾಗ, ಬಿಟ್ಟಿದ್ದು ಒಳ್ಳೆಯದಾಯಿತು ಅನ್ನಿಸಿತು.

ಎರಡನೇ ದಿನದ ಏರು ಬಹಳ ಕಷ್ಟದ್ದು. ಆ ಏರಿನ ತುದಿಯ ಹೆಸರು ವಾರ್ಮಿವಾನ್ಯುಸ್ಕ, ಅಂದರೆ ಅಲ್ಲಿನ ಬೆಟ್ಟದ ಜನರ ಕೆಚುವಾ ಭಾಷೆಯಲ್ಲಿ 'ಸತ್ತ ಹೆಂಗಸು'. ಎತ್ತರ 4,215 ಮೀಟರ್. ನಮ್ಮ ಮುಳ್ಳಯ್ಯನಗಿರಿಯೇ 1,930 ಮೀಟರ್, ಅದರ ಎರಡು ಪಟ್ಟಿಗಿಂತ ಹೆಚ್ಚು. ಕುಸ್ಕೋ ಊರೇ 3,400 ಮೀಟರ್ ಮೇಲಿದೆ. ಹೋಗುವವರು ಅಲ್ಲಿ ಎರಡು ಮೂರು ದಿನ ಸುಮ್ಮನೆ ಇದ್ದು, ಕೋಕಾ ಎಲೆಯ ಕಷಾಯ ಕುಡಿದು, ಮೈಯನ್ನು ಒಗ್ಗಿಸಿಕೊಳ್ಳಿ. ಅವಸರ ಮಾಡಬೇಡಿ. ಆವತ್ತು ನಾನು ಹತ್ತು ಮೆಟ್ಟಿಲು ಹತ್ತುವುದು, ಕೋಲಿಗೆ ಒರಗಿ ನಿಲ್ಲುವುದು, ಮತ್ತೆ ಹತ್ತು. ಎಷ್ಟು ಎಳೆದರೂ ಉಸಿರು ಸಾಲುತ್ತಿರಲಿಲ್ಲ.

ಹಾಗೆ ನಿಂತಿದ್ದಾಗ ಹಿಂದಿನಿಂದ "ಪೋರ್ಟರ್!" ಎಂಬ ಕೂಗು ಬಂತು. ಆ ಕೂಗು ಕೇಳಿದರೆ ಪ್ರಪಾತದ ಕಡೆ ಅಲ್ಲ, ಬೆಟ್ಟದ ಗೋಡೆಯ ಕಡೆ ಸರಿದು ದಾರಿ ಬಿಡಬೇಕು. ಸರಿದೆ. ನಮ್ಮ ತಂಡದಲ್ಲೇ ಹಿರಿಯರಾದವರು, ಐವತ್ತು ದಾಟಿರಬೇಕು, ನನ್ನ ಪಕ್ಕದ ಬಂಡೆಗೆ ಹೊರೆಯನ್ನು ಆನಿಸಿ ಒಂದು ಗಳಿಗೆ ನಿಂತರು. ಕಾಲಲ್ಲಿ ಟೈರಿನ ರಬ್ಬರಿನಿಂದ ಮಾಡಿದ ಚಪ್ಪಲಿ. ಹಿಮ್ಮಡಿ ನೋಡಿದರೆ ಬೇಸಿಗೆಯಲ್ಲಿ ಬಾಯಿ ಬಿಟ್ಟ ಗದ್ದೆಯ ಹಾಗೆ. ಒಂದು ಬಿರುಕಿಗೆ ಕಪ್ಪು ಅಂಟಿನಂಥದ್ದೇನೋ ತುಂಬಿಕೊಂಡಿದ್ದರು. ಸೊಂಟದ ಚೀಲದಿಂದ ಎರಡು ಮೂರು ಕೋಕಾ ಎಲೆ ತೆಗೆದು ನನ್ನ ಕೈಗಿಟ್ಟು, "ಮಾಮಾಯ್, ನಿಧಾನ" ಅಂದರು. ಮಾಮಾಯ್ ಅಂದರೆ 'ನನ್ನಮ್ಮ', ಹೆಂಗಸರನ್ನು ಗೌರವದಿಂದ ಕರೆಯುವ ರೀತಿ ಎಂದು ಗೈಡ್ ಆಮೇಲೆ ಹೇಳಿದ. ನಮ್ಮೂರಲ್ಲಿ ಗುರುತು ಪರಿಚಯ ಇಲ್ಲದವರನ್ನೂ ಅಮ್ಮಾ ಅನ್ನುತ್ತೇವಲ್ಲ, ಹಾಗೇ. ನನಗೆ ಮಾತೇ ಹೊರಡಲಿಲ್ಲ. "ಸುಲ್ಪಾಯ್ಕಿ" ಅಂದೆ. ಧನ್ಯವಾದಕ್ಕೆ ನನಗೆ ಬರುತ್ತಿದ್ದ ಒಂದೇ ಕೆಚುವಾ ಪದ ಅದು. ಹೊರೆ ಎತ್ತಿಕೊಂಡು ನಕ್ಕು ಹೊರಟೇಬಿಟ್ಟರು. ನಾನು ಮಧ್ಯಾಹ್ನ ಕ್ಯಾಂಪಿಗೆ ಕುಂಟುತ್ತಾ ಬಂದಾಗ ನನ್ನ ಟೆಂಟ್ ಹಾಕಿ, ಕೈ ತೊಳೆಯಲು ಬಿಸಿನೀರು ಇಟ್ಟಿದ್ದರು.

ಈ ದಾರಿ ಎಂಥದ್ದು ಅಂತ ಹೇಳದೆ ಹೋದರೆ ತಪ್ಪಾಗುತ್ತದೆ. ಗಾಡಿ ಚಕ್ರ, ಕಬ್ಬಿಣದ ಉಳಿ ಎರಡೂ ಇಲ್ಲದ ಇಂಕಾ ಜನ ಬೆಟ್ಟದ ಬಂಡೆಯನ್ನೇ ಕಡಿದು ಮೆಟ್ಟಿಲು ಮಾಡಿದ್ದಾರೆ. ಒಂದು ಕಡೆ ಬಂಡೆಯೊಳಗೇ ಸುರಂಗ, ಸುರಂಗದೊಳಗೂ ಮೆಟ್ಟಿಲು. ದಾರಿಯಲ್ಲಿ ಸಿಗುವ ಹಳೆಯ ಇಂಕಾ ಊರು ಫುಯುಪಟಮಾರ್ಕ, ಅಂದರೆ ಮೋಡಗಳ ಮೇಲಿನ ಊರು, ನಾವು ಹೋದಾಗ ಮೋಡ ನಿಜವಾಗಿಯೂ ಕಾಲ ಕೆಳಗಿತ್ತು. ಅಂಥದ್ದೇ ಇನ್ನೊಂದು ಜಾಗ ವಿನ್ಯಾಯ್ ವಾಯ್ನಾ, ಅಂದರೆ ಎಂದೆಂದಿಗೂ ಹರೆಯ, ಅದು ಅಲ್ಲಿ ಅರಳುವ ಒಂದು ಆರ್ಕಿಡ್ ಹೂವಿನ ಹೆಸರು. ಅಲ್ಲಿನ ಜಗಲಿ ಜಗಲಿಯಾದ ಹೊಲಗಳ ಅಂಚಿನಲ್ಲಿ ಕೂತು ನಾನು ಅತ್ತೆ. ಇಷ್ಟು ಚೆಂದದ ಜಾಗ ಮತ್ತೆ ನೋಡುತ್ತೇನೋ ಇಲ್ಲವೋ.

ಇನ್ನೊಂದು ಮಾತು. 1911ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಹೈರಮ್ ಬಿಂಗಮ್ ಮಾಚು ಪಿಚು 'ಕಂಡುಹಿಡಿದ' ಎಂದು ನಾವೆಲ್ಲ ಓದಿದ್ದೇವೆ. ಅವನನ್ನು ಪೆರುವಿನ ಒಂದು ಸೋಲ್ ನಾಣ್ಯದ ಕೂಲಿಗೆ ಆ ಬೆಟ್ಟ ಹತ್ತಿಸಿದ್ದು ಮೆಲ್ಚೋರ್ ಆರ್ತೆಯಾಗಾ ಎಂಬ ರೈತ. ಮೇಲೆ ಹೋದಾಗ ಅಲ್ಲಿ ರೈತ ಕುಟುಂಬಗಳು ಇಂಕಾ ಹೊಲಗಳಲ್ಲೇ ಬೆಳೆ ತೆಗೆಯುತ್ತಿದ್ದವು. ಅಲ್ಲಿಂದ ಮುಂದಕ್ಕೆ ದಾರಿ ತೋರಿಸಿದ್ದು ಒಬ್ಬ ಸಣ್ಣ ಹುಡುಗ. ಅಲ್ಲಿಂದ ಯೇಲ್ ವಿಶ್ವವಿದ್ಯಾಲಯಕ್ಕೆ ಹೋದ ವಸ್ತುಗಳು ಪೆರುವಿಗೆ ವಾಪಸ್ ಬರಲು ನೂರು ವರ್ಷವೇ ಹಿಡಿಯಿತು. ಕರೆದುಕೊಂಡು ಹೋದವನನ್ನು ಮರೆತು, ಹಿಂದೆ ನಡೆದು ಹೋದವನನ್ನು ನೆನಪಿಟ್ಟುಕೊಂಡೆವು. ಇವತ್ತು ನಾವು "ಇಂಕಾ ಟ್ರೇಲ್ ಮುಗಿಸಿದೆ" ಅಂತ ಒಬ್ಬರೇ ನಿಂತ ಫೋಟೋ ಹಾಕುವುದೂ ಅದರ ಮುಂದುವರಿಕೆಯೇ ಎಂದು ನನಗೆ ಅನ್ನಿಸುತ್ತದೆ. ನನ್ನ ಮೊದಲ ಫೋಟೋ ಕೂಡ ಅಂಥದ್ದೇ ಇತ್ತು, ಈಗ ತೆಗೆದಿದ್ದೇನೆ.

ಹಾಗಾಗಿ ಅಗ್ಗದ್ದು ಯಾವುದು ಎಂದು ನನ್ನನ್ನು ಕೇಳಬೇಡಿ. ದುಡ್ಡು ಕಟ್ಟುವ ಮೊದಲು ಏಜೆನ್ಸಿಯವರನ್ನೇ ಕೇಳಿ: ನಿಮ್ಮ ಹೊರುವವರು ರಾತ್ರಿ ಎಲ್ಲಿ ಮಲಗುತ್ತಾರೆ? ಅವರಿಗೆ ಹಾಸಿಗೆ, ಮಳೆಕೋಟು ಕೊಡುತ್ತೀರಾ? ನಮಗೆ ಮಾಡುವ ಅಡುಗೆಯೇ ಅವರಿಗೂ ಇರುತ್ತದಾ? ವಿಮೆ ಇದೆಯಾ? ಎರಡನೇ ರಾತ್ರಿ ಪಕ್ಕದ ಕ್ಯಾಂಪಿನ ಇನ್ನೊಂದು ತಂಡದ ಹೊರುವವರು, ಪ್ರವಾಸಿಗರು ಊಟ ಮುಗಿಸಿ ಏಳುವುದನ್ನೇ ಕಾದು ಹೊರಗಿನ ಚಳಿಯಲ್ಲಿ ಕುಕ್ಕರಗಾಲಲ್ಲಿ ಕೂತಿದ್ದರು. ಊಟದ ಟೆಂಟ್ ಖಾಲಿಯಾದ ಮೇಲೆ ಅದರಲ್ಲೇ ಅವರು ಮಲಗಬೇಕಿತ್ತು. ಕೇಳಲು ಸಂಕೋಚ ಪಡಬೇಡಿ. ಉತ್ತರ ಸರಿಯಾಗಿ ಬಂದರೆ ಸ್ವಲ್ಪ ಹೆಚ್ಚು ದುಡ್ಡು ಕೊಡಿ. ಅಷ್ಟು ದೂರ ವಿಮಾನಕ್ಕೆ ಕೊಟ್ಟವರಿಗೆ ಇದು ಭಾರವಾಗುವುದಿಲ್ಲ. ಟಿಪ್ಸ್ ಕೊಡುವಾಗ ಸ್ಥಳೀಯ ಸೋಲ್ ನೋಟುಗಳಲ್ಲಿ, ಪ್ರತಿಯೊಬ್ಬರ ಕೈಗೇ ಕೊಡಿ.

ಕೊನೆಯ ದಿನ ಬೆಳಗಿನ ಜಾವ ಮೂರಕ್ಕೇ ನಮ್ಮನ್ನು ಎಬ್ಬಿಸಿದರು. ಸೂರ್ಯೋದಯ ನೋಡಲಿಕ್ಕೆ ಅಂದುಕೊಂಡಿದ್ದೆ. ಅದಕ್ಕಲ್ಲ. ಹೊರುವವರು ಟೆಂಟ್ ಮಡಚಿ, ಎಲ್ಲವನ್ನೂ ಹೊತ್ತು, ಕತ್ತಲಲ್ಲೇ ಇನ್ನೊಂದು ದಾರಿಯಲ್ಲಿ ಕೆಳಗಿಳಿದು ಬೆಳಗಿನ ರೈಲು ಹಿಡಿಯಬೇಕಂತೆ. ಅವರ ದಾರಿ ಮಾಚು ಪಿಚುಗೆ ಹೋಗುವುದೇ ಇಲ್ಲ. ಕೋಕಾ ಎಲೆ ಕೊಟ್ಟ ಹಿರಿಯರನ್ನು ಗೈಡ್ ಮೂಲಕ ಕೇಳಿಸಿದೆ. ಹನ್ನೊಂದು ವರ್ಷದಿಂದ ಹೊರುತ್ತಿದ್ದಾರೆ, ಒಳಗೆ ಒಮ್ಮೆಯೂ ಹೋಗಿಲ್ಲ. ಟಾರ್ಚ್ ಬೆಳಕಲ್ಲಿ ನನ್ನ ಎರಡೂ ಕೈ ಹಿಡಿದು ಏನೋ ಹೇಳಿ, ಹೊರೆ ಏರಿಸಿಕೊಂಡು ಇಳಿದು ಹೋದರು.

ಬೆಳಕು ಹರಿದ ಮೇಲೆ ಇಂತಿ ಪುಂಕು, ಸೂರ್ಯದ್ವಾರ ತಲುಪಿದೆವು. ಮಂಜು ಸರಿದು ಮಾಚು ಪಿಚು ಕಾಣಿಸಿತು. ಎಲ್ಲರೂ ಸುಮ್ಮನಾದರು. ದೂರ ಕೆಳಗೆ ಉರುಬಂಬಾ ನದಿಯ ಪಕ್ಕದಿಂದ ರೈಲಿನ ಸೀಟಿ ಕೇಳಿಸಿತು. ಅವರಿಗೆ ರೈಲು ಸಿಕ್ಕಿರಲಿ ಅಂದುಕೊಂಡೆ.