ಆ ಸಿಡಿಲು ಬಿದ್ದದ್ದು ಅಷ್ಟೂರಿನಲ್ಲಿ ಅಲ್ಲ, ಮೊಬೈಲಿನಲ್ಲಿ

ಬೆಳಿಗ್ಗೆ ಚಹಾ ಕುಡಿಯುವ ಹೊತ್ತಿಗೆ ಮೂರು ವಾಟ್ಸಾಪ್ ಗುಂಪಿನಲ್ಲಿ ಒಂದೇ ಫೋಟೋ. ಬೀದರ್ ಪಕ್ಕದ ಅಷ್ಟೂರಿನಲ್ಲಿರುವ ಬಹಮನಿ ಸುಲ್ತಾನ ಹುಮಾಯೂನ್ ಶಾಹನ ಗೋರಿಯ ಗುಮ್ಮಟದ ನೆತ್ತಿಗೆ ಸರಿಯಾಗಿ ಮಿಂಚು. ಕೆಳಗೆ ಬರೆದಿದ್ದರು: 'ನಿನ್ನೆ ರಾತ್ರಿ ಸಿಡಿಲಿಗೆ ಗುಮ್ಮಟ ಒಡೆಯಿತು, ಬೆಚ್ಚಿಬಿದ್ದ ಬೀದರ್ ಜನ.' ನಾನೂ ಬೀದರಿನವನೇ. ನಿನ್ನೆ ರಾತ್ರಿ ಬೆಚ್ಚಗೆ ಮಲಗಿದ್ದೆ. ಒಂದು ಹನಿ ಮಳೆಯೂ ಬಿದ್ದಿಲ್ಲ.

ಗುಮ್ಮಟ ಒಡೆದಿರುವುದು ನಿಜ. ಸಿಡಿಲಿಗೆ ಒಡೆದದ್ದು ಅನ್ನುವುದೂ ನಿಜ. ಆದರೆ ನಮ್ಮಪ್ಪ ಚಡ್ಡಿ ಹಾಕಿಕೊಂಡು ಓಡಾಡುವಾಗಲೂ ಅದು ಹಾಗೇ ಅರ್ಧ ಬಾಯಿ ತೆರೆದುಕೊಂಡು ನಿಂತಿತ್ತು. ಒಳಗೆ ಮಲಗಿರುವ ಹುಮಾಯೂನ್ ಶಾಹ 1461ರಲ್ಲಿ ಸತ್ತ ಸುಲ್ತಾನ. 'ಜಾಲಿಮ್', ಅಂದರೆ ಕ್ರೂರಿ, ಅಂತ ಹೆಸರು ಬೇರೆ. ಮೊದಲು ಬಿದ್ದ ಸಿಡಿಲು ಸಾಲದು ಅಂತ ಈಗ ಯಾರೋ ಇನ್ನೊಂದು ಸಲ ಹೊಡೆಸಿದ್ದಾರೆ, ಪಾಪ.

ಫೋಟೋ ದೊಡ್ಡದು ಮಾಡಿ ನೋಡಿ. ಮುಂದೆ ಬೇವಿನ ಗಿಡ ಇದೆ. ಹಿಂದಿನ ಗುಮ್ಮಟಕ್ಕೆ ಬೀಳುವ ಮಿಂಚು ಆ ಎಲೆಗಳ ಮೇಲೆ ಹಾದು ಹೋಗಿದೆ! ರಾತ್ರಿ ಅಂತೆ, ಗೋಡೆ ಪಕ್ಕದಲ್ಲಿ ಸಂಜೆ ಬಿಸಿಲಿನ ಉದ್ದ ನೆರಳು. ಅಷ್ಟು ಹತ್ತಿರ ಸಿಡಿಲು ಬಿದ್ದರೆ ಹುಲ್ಲಿನ ಒಂದೊಂದು ಕಡ್ಡಿಯೂ ಬೆಳಗಬೇಕು. ಇಲ್ಲಿ ನೆಲಕ್ಕೆ ಸುದ್ದಿಯೇ ಗೊತ್ತಿಲ್ಲ. ಇನ್ನೊಂದು ವಿಷಯ, ಬಲಕ್ಕೆ ಮೂರು ಕವಲು, ಎಡಕ್ಕೆ ಒಂದು ಕೊಂಕು ಇರುವ ಇದೇ ಮಿಂಚು ಹೋದ ವರ್ಷ ವಿಜಯಪುರದ ಗೋಳಗುಮ್ಮಟದ ಮೇಲೂ ಬಿದ್ದಿತ್ತು. ಸಂಬಳಕ್ಕೆ ಇಟ್ಟುಕೊಂಡಿದ್ದಾರೋ ಏನೋ, ಊರೂರು ಸುತ್ತುತ್ತಿದೆ.

ನನಗೇಕೆ ಇಷ್ಟು ಉರಿ ಅಂದರೆ, ನಾನು ಫೋಟೋಗ್ರಾಫರ್. ಏಪ್ರಿಲ್-ಮೇ ಬಂತೆಂದರೆ ಸ್ಟುಡಿಯೋ ಶಟರ್ ಎಳೆದು ಮೋಡದ ಹಿಂದೆ ಬೀಳುವವನು ನಾನು. ರಾತ್ರಿ ಮಿಂಚು ತೆಗೆಯುವುದು ಬ್ರಹ್ಮವಿದ್ಯೆ ಏನಲ್ಲ, ಒಪ್ಪುತ್ತೇನೆ. ಕ್ಯಾಮೆರಾ ಟ್ರೈಪಾಡ್ ಮೇಲೆ, ಬೆಳಕಿನ ಸಂವೇದನೆ ಅಂದರೆ ಐಎಸ್‌ಒ 100, ಲೆನ್ಸಿನ ಕಿಂಡಿ ಎಫ್ 8. ದೂರದ ಬೀದಿ ದೀಪಕ್ಕೆ ಫೋಕಸ್ ಮಾಡಿ, ರಿಂಗ್ ಅಲುಗಾಡದಂತೆ ಟೇಪ್ ಹಚ್ಚಬೇಕು. ಆಮೇಲೆ ಇಪ್ಪತ್ತು ಇಪ್ಪತ್ತು ಸೆಕೆಂಡು ಶಟರ್ ತೆರೆದಿಟ್ಟು ಕಾಯುವುದು. ಮಿಂಚು ತಾನೇ ಬಂದು ಬರೆದು ಹೋಗುತ್ತದೆ.

ಹಗಲಿನದ್ದೇ ಕಾಟ. ಇಪ್ಪತ್ತು ಸೆಕೆಂಡು ತೆರೆದಿಟ್ಟರೆ ಬರೀ ಬಿಳಿ ಹಾಳೆ. ಕಪ್ಪು ಫಿಲ್ಟರ್ ಹಾಕಿ, ಕಿಂಡಿಯನ್ನು ಎಫ್ 16ಕ್ಕೆ ಕಿರಿದು ಮಾಡಿದರೂ ಹೆಚ್ಚೆಂದರೆ ಕಾಲು ಸೆಕೆಂಡು, ಅರ್ಧ ಸೆಕೆಂಡು. ಕಣ್ಣು ಕಂಡು ಬೆರಳು ಒತ್ತುವಷ್ಟರಲ್ಲಿ ಮೊದಲ ಹೊಡೆತ ಮುಗಿದಿರುತ್ತದೆ. ಅದೃಷ್ಟ ಇದ್ದರೆ ಅದೇ ದಾರಿಯಲ್ಲಿ ಇನ್ನೂ ಎರಡು ಮೂರು ಹೊಡೆತ ಇಳಿಯುತ್ತವೆ. ಮಿಂಚು ಪಟಪಟ ಕಣ್ಣು ಮಿಟುಕಿಸಿದಂತೆ ಕಾಣುವುದು ಅದಕ್ಕೇ. ಬೆಳಕು ಕಂಡ ಕೂಡಲೇ ತಾನೇ ಕ್ಲಿಕ್ ಮಾಡುವ ಟ್ರಿಗರ್ ಸಿಗುತ್ತದೆ. ಅದರ ಬೆಲೆ ನಮ್ಮ ಮನೆಯಲ್ಲಿ ಹೇಳುವಂತಿಲ್ಲ. ನಾನು ಸುಮ್ನೆ ಒತ್ತುತ್ತಲೇ ಇರುತ್ತೇನೆ. ಹೋದ ಮೇ ತಿಂಗಳ ಒಂದು ಸಂಜೆ 611 ಫೋಟೋ ತೆಗೆದೆ. 610 ಬೂದಿ ಬಣ್ಣದ ಆಕಾಶ.

ಆ ಉಳಿದ ಒಂದನ್ನು ಗುಂಪಿಗೆ ಹಾಕಿದರೆ ಬಂದ ಉತ್ತರ: 'ಸೂಪರ್ ಸರ್, ಯಾವ ಆ್ಯಪ್?'

'ಚೆಂದ ಕಂಡರೆ ಸಾಕಲ್ವಾ, ಯಾರಿಗೇನು ನಷ್ಟ' ಅನ್ನುವವರಿದ್ದಾರೆ. ಸ್ವಾಮಿ, ಬೀದರಿಗೆ ಸಿಡಿಲಿನ ಕತೆಗೆ ಬರವೇ? ಬಹಮನಿ ಮಂತ್ರಿ ಮಹಮೂದ್ ಗವಾನ್ 1472ರಲ್ಲಿ ಕಟ್ಟಿಸಿದ ಮದರಸಾದ ಒಂದು ಮಿನಾರು ಯಾಕಿಲ್ಲ ಅಂತ ಕೇಳಿ. ಔರಂಗಜೇಬನ ಕಾಲದಲ್ಲಿ ಒಳಗಿಟ್ಟ ಸಿಡಿಮದ್ದು ಸಿಡಿಯಿತು, ಸಿಡಿಲೇ ಕಾರಣ ಅಂತಲೂ ಹೇಳುತ್ತಾರೆ. ಇಷ್ಟಿದ್ದರೂ ನಿಮಗೆ ಅಂಟಿಸಿದ ಮಿಂಚೇ ಬೇಕು.

ನಷ್ಟವೂ ಇದೆ. ಮಧ್ಯಾಹ್ನ ಅಂಗಡಿಗೆ ಒಬ್ಬ ಕಾಲೇಜು ಹುಡುಗ ಬಂದು ಅದೇ ಫೋಟೋ ತೋರಿಸಿದ. 'ಅಣ್ಣಾ, ಗುಮ್ಮಟದ ಬುಡದಾಗ ನಿಂತ್ರ ಹಿಂಗ ಸಿಗ್ತದೇನ್ರಿ?' ಎದೆ ಧಸಕ್ ಅಂತು. ಗಿಡದ ಕೆಳಗೆ ನಿಂತ ಕುರಿಗಾಹಿ, ಹೊಲದಿಂದ ಮರಳುವ ರೈತ ಸಿಡಿಲಿಗೆ ಸತ್ತ ಸುದ್ದಿ ನಮ್ಮ ಕಡೆ ಮಳೆಗಾಲಕ್ಕೆ ಮುಂಚೆಯೇ ಶುರುವಾಗುತ್ತದೆ. ಈ ಹುಡುಗನಿಗೆ ಅದು ಸ್ಟಿಕರ್ ಆಗಿಬಿಟ್ಟಿದೆ.

ಬೈಯುವ ಯೋಗ್ಯತೆ ನನಗೂ ಜಾಸ್ತಿ ಇರಲಿಲ್ಲ. ಮೂರು ವರ್ಷದ ಹಿಂದೆ ನಾನೇ ಮಾಳಿಗೆ ಮೇಲೆ ಟ್ರೈಪಾಡ್ ಹಿಡಿದು ನಿಂತಿದ್ದೆ. ಅವ್ವ ಕೆಳಗಿನಿಂದ 'ಸಿಡ್ಲು ಹೊಡಿಲಾಕತ್ತದ, ಇಳಿದು ಬಾ' ಅಂತ ಕೂಗುತ್ತಿದ್ದಳು. ಬೆಳಕು, ಸದ್ದು ಎರಡೂ ಒಟ್ಟಿಗೇ ಬಂದವು. ಮೆಟ್ಟಿಲು ಹೇಗೆ ಇಳಿದೆನೋ ನೆನಪಿಲ್ಲ. ಅವ್ವ 'ಅರ್ಜುನಾ, ಫಲ್ಗುಣಾ' ಅನ್ನುತ್ತಾ ನನ್ನ ತೋಳು ಹಿಡಿದಿದ್ದು ನೆನಪಿದೆ. ಅಂದಿನಿಂದ ಕಿಟಕಿಯ ಒಳಗಿನಿಂದ, ಇಲ್ಲವೇ ಗಾಜು ಏರಿಸಿದ ಕಾರಿನಿಂದ ಮಾತ್ರ. ಹುಡುಗನಿಗೂ ಅದನ್ನೇ ಹೇಳಿದೆ. ಮಿಂಚು ಕಂಡ ಮೇಲೆ ಎಣಿಸು, ಮೂರು ಸೆಕೆಂಡಿಗೆ ಒಂದು ಕಿಲೋಮೀಟರು. ಮೂವತ್ತರೊಳಗೆ ಗುಡುಗು ಕೇಳಿದರೆ ಮನೆ ಸೇರು. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಹೊರಗೆ ಬರಬೇಡ. ತಲೆ ಆಡಿಸಿದ. ನಂಬಿದನೋ ಇಲ್ಲವೋ.

ಇನ್ನೊಂದು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೀವೇ ಕೆಳಗೆ ಬರೆಯುತ್ತೀರಿ. ಹೌದು, ಮದುವೆ ಆಲ್ಬಮ್‌ಗಳಲ್ಲಿ ನಾನೂ ಆಕಾಶ ಬದಲಿಸುತ್ತೇನೆ. ಬೀದರಿನ ಬರೀದ್ ಶಾಹಿ ಸುಲ್ತಾನರ ಗೋರಿಗಳ ಮುಂದೆ ನಿಂತ ಎಷ್ಟೋ ಜೋಡಿಗಳ ಹಿಂದೆ ಇರುವುದು ಒಂದೇ ಸೂರ್ಯಾಸ್ತ. ದುಡ್ಡು ಕೊಡುತ್ತಾರೆ, ಮಾಡುತ್ತೇನೆ. 'ನಿನ್ನೆ ರಾತ್ರಿ ಬೀದರಿನಲ್ಲಿ' ಅಂತ ಬರೆದು ಊರಿಗೆಲ್ಲ ಹಂಚಿಲ್ಲ.

ಆ ಮೇ ತಿಂಗಳ ಹಗಲಿನ ಮಿಂಚನ್ನು ಇಲ್ಲಿ ಹಾಕಿದ್ದೇನೆ. ಸ್ವಲ್ಪ ಸೊಟ್ಟ ಇದೆ. ಅರ್ಧ ಮಿಂಚು ಪಕ್ಕದ ಮನೆಯ ನೀರಿನ ಟ್ಯಾಂಕಿನ ಹಿಂದೆ ಹೋಗಿದೆ. ನಡುವೆ ಒಂದು ಕರೆಂಟ್ ತಂತಿ ಹಾದಿದೆ. ಅಳಿಸಿಲ್ಲ. ಅಳಿಸಲು ಬರಲ್ಲ ಅಂತಲ್ಲ, ಆಕಾಶವನ್ನೇ ಬದಲಿಸುತ್ತೇನೆ ಅಂತ ಮೇಲೆ ಹೇಳಿದೆನಲ್ಲ.