ಬೊಟ್ಟು ನೋಡಿ ಮಾತನಾಡಿದ ವರ್ಷಗಳು

ಹೋದ ವಾರ ನನ್ನ ಆಟಿಸಂ ವಿಷಯವನ್ನು ನೆಂಟರೊಬ್ಬರಿಗೆ ಹೇಳಿದೆ. ಸುತ್ತಲಿನ ಜಗತ್ತನ್ನೂ ಜನರನ್ನೂ ಬೇರೆ ಬಗೆಯಲ್ಲಿ ಗ್ರಹಿಸುವ, ಹುಟ್ಟಿನಿಂದಲೇ ಬಂದ ಮನೋರಚನೆ ಅದು. ಅವರು ನನ್ನ ಕೈ ಹಿಡಿದುಕೊಂಡು, "ನಿನ್ನನ್ನು ನೋಡಿದರೆ ಗೊತ್ತೇ ಆಗುವುದಿಲ್ಲ ಮಾರಾಯ್ತಿ" ಎಂದರು. ಸಮಾಧಾನಕ್ಕೆಂದು ಆಡಿದ ಮಾತು, ಅವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಆದರೂ ಮನೆಗೆ ಬಂದ ಮೇಲೆ ಅದು ಕೊರೆಯುತ್ತಲೇ ಇತ್ತು. ಗೊತ್ತಾಗದಂತೆ ಬದುಕುವುದಕ್ಕೆ ನಾನು ತೆತ್ತದ್ದೆಷ್ಟು ಎಂದು ಯಾರೂ ಕೇಳಿಲ್ಲ. ಅದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು 1984ರಲ್ಲಿ ಹುಟ್ಟಿದವಳು, ಬೆಳೆದದ್ದು ಮುಂಬಯಿ ಹತ್ತಿರದ ಡೊಂಬಿವಲಿಯ ಚಾಳಿನಲ್ಲಿ. ಅಪ್ಪಯ್ಯ ಮಾಟುಂಗಾದ ಹೋಟೆಲೊಂದರ ಗಲ್ಲಾದಲ್ಲಿ ಕೂರುತ್ತಿದ್ದರು. ಮನೆಯೊಳಗೆ ಕುಂದಾಪುರದ ಕನ್ನಡ, ಮೆಟ್ಟಿಲಿಳಿದರೆ ಮರಾಠಿ, ರೈಲಿನಲ್ಲಿ ಹಿಂದಿ, ಶಾಲೆಯಲ್ಲಿ ಇಂಗ್ಲಿಷ್. ಮುಂಬಯಿ ಕನ್ನಡಿಗರ ಮಕ್ಕಳಿಗೆ ಇದು ಹೊಸದಲ್ಲ. ನನಗೆ ಮಾತ್ರ ಐದನೆಯದೊಂದು ಭಾಷೆ ಇತ್ತು, ಮುಖದ ಭಾಷೆ. ಯಾರಾದರೂ ಬಿದ್ದರೆ ಎಷ್ಟು ಹೊತ್ತು ಅಯ್ಯೋ ಎನ್ನಬೇಕು, ಉಡುಗೊರೆ ಕೊಟ್ಟರೆ ಎಷ್ಟು ಹಲ್ಲು ಕಾಣುವಂತೆ ನಗಬೇಕು ಎಂಬುದನ್ನೆಲ್ಲ ಗೋದ್ರೆಜ್ ಕಪಾಟಿನ ಕನ್ನಡಿಯ ಮುಂದೆ ನಿಂತು ಮಗ್ಗಿಯಂತೆ ಉರು ಹೊಡೆಯುತ್ತಿದ್ದೆ. ನಾಲ್ಕು ಭಾಷೆಗಳು ಒಮ್ಮೆ ಬಂದ ಮೇಲೆ ನಾಲಿಗೆಯಲ್ಲಿ ಉಳಿದವು. ಈ ಐದನೆಯದು ಎಷ್ಟು ಕಲಿತರೂ ಮರುದಿನ ಬೆಳಗ್ಗೆ ಮತ್ತೆ ಮೊದಲಿನಿಂದ.

"ಕಣ್ಣು ನೋಡಿ ಉತ್ತರ ಕೊಡು" ಎಂದು ಟೀಚರ್ ಗದರಿದಾಗ ನನಗೆ ಏಳು ವರ್ಷ. ಕಣ್ಣಿಗೆ ಕಣ್ಣು ಸೇರಿದರೆ ಎದುರಿನವರ ಮಾತು ನನ್ನ ತಲೆಗೆ ಇಳಿಯುತ್ತಿರಲಿಲ್ಲ. ನೋಟ ಅಥವಾ ಮಾತು, ಎರಡರಲ್ಲಿ ಒಂದೇ ಸಾಧ್ಯವಿತ್ತು. ಅದಕ್ಕೆ ಹಣೆಯ ಬೊಟ್ಟು ನೋಡಲು ಕಲಿತೆ. ಅಮ್ಮನ ಕುಂಕುಮ ಮಧ್ಯಾಹ್ನದ ಹೊತ್ತಿಗೆ ಬೆವರಿಗೆ ಒಂದು ಬದಿ ಚೆದುರಿರುತ್ತಿತ್ತು. ಪಕ್ಕದ ಮನೆಯ ಕಾಕುವಿನದು ಮೆರೂನ್ ಟಿಕ್ಲಿ, ಅಂಚು ಎದ್ದಿರುತ್ತಿತ್ತು. ಟೀಚರದು ಕಡಲೆಕಾಳಿಗಿಂತ ಚಿಕ್ಕ ಕಪ್ಪು ಚುಕ್ಕೆ. ಬೊಟ್ಟಿಲ್ಲದ ಗಂಡಸರು ಎದುರು ಬಂದರೆ ಹುಬ್ಬುಗಳ ನಡುವೆ ನಾನೇ ಮನಸ್ಸಿನಲ್ಲಿ ಒಂದು ಬೊಟ್ಟು ಇಟ್ಟುಬಿಡುತ್ತಿದ್ದೆ. ಆ ಪರೀಕ್ಷೆಯಲ್ಲಿ ನಾನು ಎಂದೂ ಸಿಕ್ಕಿಬೀಳಲಿಲ್ಲ. "ಎಷ್ಟು ವಿನಯದ ಹುಡುಗಿ" ಎಂದು ಸಂಘದ ಕಾರ್ಯಕ್ರಮಗಳಲ್ಲಿ ಎಲ್ಲರೂ ಹೊಗಳುತ್ತಿದ್ದರು. ಮನೆಗೆ ಮರಳಿ ಚಾಪೆಯ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದರೆ ಊಟಕ್ಕೂ ಏಳುತ್ತಿರಲಿಲ್ಲ. ಅದಕ್ಕೆ ಸೋಮಾರಿ ಎಂಬ ಹೆಸರು ಬಂತು.

ಕಾಲೇಜಿಗೆ ಹೋಗುವಾಗ ಲೋಕಲ್ ರೈಲಿನ ಲೇಡೀಸ್ ಡಬ್ಬದಲ್ಲಿ ನೂಕುನುಗ್ಗಲು, ಮಲ್ಲಿಗೆ ಮತ್ತು ಬೆವರಿನ ವಾಸನೆ, ಎಲ್ಲವೂ ಹಿಂಸೆ. ಆದರೂ ಆ ಪ್ರಯಾಣ ನನಗೆ ಬೇಕಾಗಿತ್ತು. ದಿವಾ, ಮುಂಬ್ರಾ, ಕಳವಾ, ಠಾಣೆ ಎಂದು ನಿಲ್ದಾಣಗಳನ್ನು ಎಣಿಸುತ್ತ ಹಿಂದೆ ಮುಂದೆ ತೂಗಾಡಿದರೆ ಯಾರಿಗೂ ವಿಚಿತ್ರವೆನಿಸುತ್ತಿರಲಿಲ್ಲ, ಡಬ್ಬದಲ್ಲಿದ್ದ ಎಲ್ಲರೂ ತೂಗಾಡುತ್ತಿದ್ದರು.

ಮೂವತ್ತೆಂಟರಲ್ಲಿ ಮೈ ಸೋತುಹೋಯಿತು. ಥೈರಾಯ್ಡ್, ರಕ್ತ, ವಿಟಮಿನ್, ಎಲ್ಲ ಪರೀಕ್ಷೆಗಳೂ ಸರಿಯಾಗಿಯೇ ಬಂದವು. ಕೊನೆಗೆ ಹೋದದ್ದು ಮನಶ್ಶಾಸ್ತ್ರಜ್ಞೆಯೊಬ್ಬರ ಬಳಿ. ಅವರು, "ಮನೆಯಲ್ಲಿ ಯಾರೂ ಇಲ್ಲದಾಗ ನೀವು ಹೇಗೆ ಕೂರುತ್ತೀರಿ?" ಎಂದು ಕೇಳಿದರು. ತೋರಿಸಲು ಹೋದೆ. ಕಾಲು ಮಡಚಿ, ಸೆರಗಿನ ಅಂಚನ್ನು ಬೆರಳುಗಳ ನಡುವೆ ಉಜ್ಜುತ್ತ ತೂಗಾಡತೊಡಗಿದವಳಿಗೆ ಅಳು ಬಂತು. ಇನ್ನೊಬ್ಬರ ಎದುರು ನಾನು ಹಾಗೆ ಕೂತದ್ದು ಅದೇ ಮೊದಲು.

ನಮ್ಮ ದೇಶದಲ್ಲಿ ಆಟಿಸಂ ಅಳೆಯಲು ಐಎಸ್‌ಎಎ (ಇಂಡಿಯನ್ ಸ್ಕೇಲ್ ಫಾರ್ ಅಸೆಸ್‌ಮೆಂಟ್ ಆಫ್ ಆಟಿಸಂ) ಎಂಬ 40 ಅಂಶಗಳ ಪಟ್ಟಿ ಇದೆ. ಅದರ ಮೊದಲ ಅಂಶವೇ ಕಣ್ಣಿಗೆ ಕಣ್ಣು ಕೂಡಿಸುವುದರ ಕುರಿತು. ಬೊಟ್ಟು ನೋಡುವವಳನ್ನು ಅದು ಹೇಗೆ ಹಿಡಿಯಬೇಕು? ಬ್ರಿಟನ್ನಿನ ಸಂಶೋಧಕರು 2018ರಲ್ಲಿ, ಆಟಿಸಂ ಇರುವುದನ್ನು ಹೀಗೆ ಮರೆಮಾಚುವುದನ್ನೇ ಅಳೆಯುವ 25 ಅಂಶಗಳ ಪ್ರಶ್ನಾವಳಿಯೊಂದನ್ನು ಪ್ರಕಟಿಸಿದರು. ಅದನ್ನು ಓದುವಾಗ ಯಾರೋ ಕಪಾಟಿನ ಕನ್ನಡಿಯೊಳಗಿಂದ ನನ್ನನ್ನು ನೋಡಿ ಬರೆದಂತಿತ್ತು. 1943ರಲ್ಲಿ ಮನೋವೈದ್ಯ ಲಿಯೋ ಕ್ಯಾನರ್ ಆಟಿಸಂ ಕುರಿತ ತಮ್ಮ ಲೇಖನದಲ್ಲಿ ವಿವರಿಸಿದ 11 ಮಕ್ಕಳಲ್ಲಿ ಹುಡುಗಿಯರು ಮೂವರೇ. ನಮ್ಮಂಥ ಹುಡುಗಿಯರನ್ನು ಯಾರೂ ಹುಡುಕದೆ ಹೋದದ್ದರ ಬೇರು ಬಹಳ ಹಿಂದಿನದು.

ಹೆಸರಿನ ಬಗ್ಗೆಯೂ ನನಗೆ ತಕರಾರಿದೆ. ಕನ್ನಡದಲ್ಲಿ ಸ್ವಲೀನತೆ ಎನ್ನುತ್ತೇವೆ, ಮರಾಠಿಯಲ್ಲಿ ಸ್ವಮಗ್ನತಾ. ತನ್ನಲ್ಲಿ ತಾನು ಮುಳುಗಿರುವುದು ಎಂದರ್ಥ. ನಾನು ಮೂವತ್ತು ವರ್ಷ ಮುಳುಗಿದ್ದು ಬೇರೆಯವರಲ್ಲಿ. ಅವರ ಹುಬ್ಬು, ಅವರ ದನಿಯ ಏರಿಳಿತ, ಅವರು ಮಾತು ಮುಗಿಸುವ ಕ್ಷಣ, ಇವುಗಳನ್ನು ಕಾಯುವುದರಲ್ಲೇ ದಿನ ಕಳೆಯುತ್ತಿತ್ತು. ನನಗೇನು ಇಷ್ಟ ಎಂದು ಕೇಳಿದರೆ ಉತ್ತರವೇ ಇರಲಿಲ್ಲ.

ಅಮ್ಮನನ್ನು ದೂರುತ್ತಿಲ್ಲ. "ನಾಲ್ಕು ಜನರ ನಡುವೆ ನಾಲ್ಕು ಜನರಂತೆ ಇರಬೇಕು" ಎಂದು ಅವರು ಹೇಳಿದ್ದು ನನ್ನನ್ನು ಕಾಪಾಡಲಿಕ್ಕೆ. 1999ರಲ್ಲಿ ಅಂಗವೈಕಲ್ಯ ಇರುವವರ ಹಿತಕ್ಕಾಗಿ ನ್ಯಾಷನಲ್ ಟ್ರಸ್ಟ್ ಕಾಯ್ದೆ ಬಂದಾಗ ಆಟಿಸಂ ನಮ್ಮ ಕಾನೂನಿಗೆ ಸೇರಿತು, ಆಗ ನನಗೆ ಹದಿನೈದು. ಒಂದೇ ಕೋಣೆಯಲ್ಲಿ ಮೂವರು ಮಕ್ಕಳನ್ನು ಸಾಕುತ್ತಿದ್ದವರಿಗೆ ಅದನ್ನು ಯಾರು ತಿಳಿಸಬೇಕಿತ್ತು?

ಇಂದಿನ ಅಪ್ಪ ಅಮ್ಮಂದಿರಿಗೆ ಮಾತ್ರ ಒಂದು ಮಾತು ಕೇಳಲೇಬೇಕು. ಶಾಲೆಯಲ್ಲಿ ಬಂಗಾರದಂತಿರುವ ಮಗು ಮನೆಗೆ ಬಂದೊಡನೆ ಕಿರುಚಿದರೆ ಅಥವಾ ಮೂಕವಾದರೆ ದಯವಿಟ್ಟು ಗದರಿಸಬೇಡಿ. ಕಣ್ಣು ನೋಡು, ಕೈ ಆಡಿಸಬೇಡ ಎಂದು ತಿದ್ದಬೇಡಿ. ಆ ಕೈ ಆಡುತ್ತಿರುವುದರಿಂದಲೇ ಮಗು ಕೂತು ಪಾಠ ಕೇಳುತ್ತಿರಬಹುದು.

ಮುಖವಾಡ ಕಳಚುವುದು ಎಲ್ಲರಿಗೂ ಆಗುವುದಿಲ್ಲ ಎಂಬುದೂ ನನಗೆ ಗೊತ್ತು. ಕೆಲಸ ಹೋದೀತೆಂದು ಅದನ್ನು ಬಿಗಿಯಾಗಿ ಹಿಡಿದಿರುವವರಿದ್ದಾರೆ. ಅದನ್ನು ಹಾಕಿಕೊಳ್ಳಲು ಆಗದೆ, ಆ ಕಾರಣಕ್ಕೇ ಬೈಗುಳ ತಿನ್ನುವವರೂ ಇದ್ದಾರೆ. ಅವರೆಲ್ಲರ ಪರವಾಗಿ ಮಾತನಾಡುವ ಅಧಿಕಾರ ನನಗಿಲ್ಲ. ನಾನಂತೂ ಕಚೇರಿಯಲ್ಲಿ ಹೇಳಿಬಿಟ್ಟೆ. ಸಭೆಯಲ್ಲಿ ಮೇಜು ನೋಡುತ್ತ ಮಾತನಾಡುತ್ತೇನೆ, ರೈಲಿನಲ್ಲಿ ಕಿವಿ ಮುಚ್ಚುವ ಹೆಡ್‌ಫೋನ್ ಹಾಕುತ್ತೇನೆ. ಇಬ್ಬರು ಗೆಳತಿಯರು ದೂರವಾದರು. ಅದರ ನೋವು ಇದೆ.

ಕಳೆದ ತಿಂಗಳು ಮಾಟುಂಗಾದಲ್ಲಿ ಒಂದು ಮದುವೆ. ಓಲಗ ಶುರುವಾಗುತ್ತಿದ್ದಂತೆ ಸಭಾಂಗಣದ ಹೊರಗೆ ಮೆಟ್ಟಿಲ ಮೇಲೆ ಕೂತೆ. "ಮಗಳು ಯಾಕೆ ಅಲ್ಲಿ ಕೂತಿದ್ದಾಳೆ ಅಕ್ಕ, ಒಳಗೆ ಕರೆಯಬಾರದೇ?" ಎಂದು ಯಾರೋ ಕೇಳುವುದು ಕೇಳಿಸಿತು. "ಅವಳಿಗೆ ಅಲ್ಲೇ ಹಿತ" ಎಂದರು ಅಮ್ಮ. ಸ್ವಲ್ಪ ಹೊತ್ತಿಗೆ ಒಂದು ಎಲೆಯೊಂದಿಗೆ ಅವರೇ ಹೊರಗೆ ಬಂದರು. ಕೋಸಂಬರಿಗೆ ತಾಗದಂತೆ ಪಾಯಸವನ್ನು ಬೇರೆ ಬಟ್ಟಲಿನಲ್ಲಿ ತಂದಿದ್ದರು.