ಊರುಗೋಲು ಅಟ್ಟದ ಮೇಲೇಕೆ?

ಕೌಟುಂಬಿಕ ದೌರ್ಜನ್ಯ ಎಂದೊಡನೆ ಎಲ್ಲರ ಕಣ್ಣ ಮುಂದೆ ಬರುವವನು ಕುಡಿದು ಬಂದು ಹೊಡೆಯುವ ಗಂಡ. ಅಂಗವೈಕಲ್ಯ ಇರುವ ಹೆಂಗಸಿನ ಮನೆಯಲ್ಲಿ ಕೈ ಎತ್ತುವ ಅಗತ್ಯವೇ ಬೀಳುವುದಿಲ್ಲ. ಊರುಗೋಲನ್ನು ಅಟ್ಟಕ್ಕೆ ಎಸೆದರೆ ಸಾಕು. ಗಾಲಿಕುರ್ಚಿಯನ್ನು ಜಗುಲಿಗೆ ತಳ್ಳಿಟ್ಟರೆ ಸಾಕು. ಬಚ್ಚಲಿಗೆ ಕರೆದುಕೊಂಡು ಹೋಗು ಎಂದು ಅವಳು ಕೂಗುವಾಗ ಟಿವಿಯ ಸದ್ದು ಜಾಸ್ತಿ ಮಾಡಿದರೆ ಸಾಕು. ಮೈಮೇಲೆ ಬಾಸುಂಡೆ ಇಲ್ಲ, ಪಕ್ಕದ ಮನೆಗೆ ಗಲಾಟೆಯೂ ಕೇಳುವುದಿಲ್ಲ.

ನಮ್ಮ ಕೇರಿಯಲ್ಲಿ ಒಬ್ಬರು ಅಕ್ಕ ಇದ್ದರು. ಚಿಕ್ಕಂದಿನಲ್ಲೇ ಪೋಲಿಯೊ ಬಂದು ಎರಡೂ ಕಾಲು ಸೋತಿದ್ದವು. ಅವರು ಹೊಲಿದ ರವಿಕೆ ಎಂದರೆ ತೋಳಿನ ಹತ್ತಿರ ಒಂದು ಸುಕ್ಕೂ ಇರುತ್ತಿರಲಿಲ್ಲ. ಸರ್ಕಾರದಿಂದ ಬಂದ ಮೂರು ಚಕ್ರದ ಸ್ಕೂಟರ್ ಮನೆ ಮುಂದೆಯೇ ನಿಂತಿರುತ್ತಿತ್ತು, ಕೀಲಿ ಮಾತ್ರ ಗಂಡನ ಜೇಬಿನಲ್ಲಿ. ಮಾಸಾಶನದ ಎಟಿಎಂ ಕಾರ್ಡ್ ಅತ್ತೆಯ ಸೊಂಟದ ಚೀಲದಲ್ಲಿ. ನೆಂಟರಿಷ್ಟರೆಲ್ಲ ಆ ಗಂಡನನ್ನು ‘ದೇವರಂಥವನು, ಇಂಥವಳಿಗೂ ಬಾಳು ಕೊಟ್ಟ’ ಎಂದು ಹೊಗಳುವವರೇ. ಹೀಗಿರುವಾಗ ಅವರು ಯಾರ ಬಳಿ ಹೋಗಿ ಏನೆಂದು ದೂರಬೇಕಿತ್ತು?

ವಿಕಲಚೇತನರನ್ನು ಮದುವೆಯಾಗುವವರಿಗೆ ನಮ್ಮ ರಾಜ್ಯ ಸರ್ಕಾರ 50,000 ರೂಪಾಯಿ ಪ್ರೋತ್ಸಾಹಧನ ಕೊಡುತ್ತದೆ. ಉದ್ದೇಶ ಒಳ್ಳೆಯದೇ ಇರಬಹುದು, ನನಗೆ ಮಾತ್ರ ಅದು ಗಂಡಿನ ಕಡೆಯವರ ‘ಉಪಕಾರ’ಕ್ಕೆ ಸರ್ಕಾರವೇ ಹಾಕಿದ ಮೊಹರಿನಂತೆ ಕಾಣುತ್ತದೆ. ಕೊಡುವುದಾದರೆ ಕೊಡಲಿ. ವರ್ಷಕ್ಕೊಮ್ಮೆ ಆ ಮನೆಗೆ ಹೋಗಿ ಅವಳನ್ನು ಮಾತನಾಡಿಸಿ ಬರಬೇಕು ಎಂಬ ಷರತ್ತನ್ನೂ ಸೇರಿಸಲಿ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 18ರಿಂದ 49 ವರ್ಷದ ವಿವಾಹಿತೆಯರ ಪೈಕಿ ಶೇ 44ರಷ್ಟು ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದಾಗಿ ಹೇಳಿದ್ದರು. ದೇಶದಲ್ಲೇ ಅತಿ ಹೆಚ್ಚು. ತವರಿನ ಬಸ್ಸನ್ನು ತಾವೇ ಹತ್ತಬಲ್ಲವರ ಪಾಡೇ ಇದಾದರೆ, ಹೊಸಿಲು ದಾಟಲೂ ಇನ್ನೊಬ್ಬರ ಕೈ ಹಿಡಿಯಬೇಕಾದವರ ಗತಿಯೇನು? ಎಷ್ಟೋ ಸಲ ಆ ಕೈಯೇ ಹಿಂಸೆ ಕೊಡುವ ಕೈ.

ಕಾನೂನು ಇಲ್ಲದೆ ಇಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 92ನೇ ಸೆಕ್ಷನ್ ಓದಿ. ವಿಕಲಚೇತನರ ಸಲಕರಣೆಯನ್ನು ಬೇಕೆಂದೇ ಹಾಳುಮಾಡುವುದು, ಅದನ್ನು ಬಳಸಲು ಅಡ್ಡಿಪಡಿಸುವುದು, ನೋಡಿಕೊಳ್ಳುವ ಹೊಣೆ ಹೊತ್ತವರೇ ಅನ್ನ ನೀರು ಕೊಡದಿರುವುದು, ಎಲ್ಲಕ್ಕೂ 6 ತಿಂಗಳಿಂದ 5 ವರ್ಷದವರೆಗೆ ಜೈಲು. ಅಂದರೆ ಅಟ್ಟದ ಮೇಲಿನ ಆ ಊರುಗೋಲು ಅಪರಾಧದ ಸಾಕ್ಷ್ಯ. 7ನೇ ಸೆಕ್ಷನ್ ಪ್ರಕಾರ ಯಾರು ಬೇಕಾದರೂ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರಿಗೆ, ಎಂದರೆ ನಮ್ಮಲ್ಲಿ ತಹಶೀಲ್ದಾರರಿಗೆ, ವಿಷಯ ತಿಳಿಸಬಹುದು. 2005ರ ಕೌಟುಂಬಿಕ ಹಿಂಸೆ ಕಾಯ್ದೆಯಡಿ ಸಂರಕ್ಷಣಾಧಿಕಾರಿಗೂ ಹೇಳಬಹುದು, ಸದುದ್ದೇಶದಿಂದ ಹೇಳಿದವರ ಮೇಲೆ ಕೇಸು ನಿಲ್ಲುವುದಿಲ್ಲ. ಆದರೆ ತಾಲ್ಲೂಕಿನಲ್ಲಿ ಆ ಸಂರಕ್ಷಣಾಧಿಕಾರಿ ಎಂದರೆ ಸಿಡಿಪಿಒ, ಅಂದರೆ ಶಿಶು ಅಭಿವೃದ್ಧಿ ಯೋಜನಾಧಿಕಾರಿ. ಅಂಗನವಾಡಿಯ ಮೊಟ್ಟೆಯ ಲೆಕ್ಕವೂ ಅವರದೇ ತಲೆಗೆ.

ಒಮ್ಮೆ ಆಸ್ಪತ್ರೆಯ ಸಾಲಿನಲ್ಲಿ ನನ್ನ ಮುಂದೆ ಕಿವಿ ಕೇಳದ, ಮಾತು ಬಾರದ ಹೆಂಗಸೊಬ್ಬಳು ನಿಂತಿದ್ದಳು. ಮಣಿಕಟ್ಟು ಊದಿಕೊಂಡಿತ್ತು. ಏನಾಯಿತು ಎಂದು ವೈದ್ಯರು ಕೇಳಿದ್ದು ಗಂಡನನ್ನು. ‘ಬಚ್ಚಲಲ್ಲಿ ಜಾರಿದಳು ಸಾರ್’ ಎಂದ. ಅವಳು ಅವನ ತುಟಿಗಳನ್ನೇ ನೋಡುತ್ತಿದ್ದಳು. ನಿಜವಾಗಿಯೂ ಜಾರಿರಬಹುದು. ಅವಳನ್ನು ಮಾತ್ರ ಯಾರೂ ಕೇಳಲಿಲ್ಲ. ಆ ಗೋಡೆಯ ಮೇಲೇ ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಿ ಎಂಬ ಭಿತ್ತಿಪತ್ರ ಬೇರೆ!

ಹಾಗಾಗಿ ನನ್ನ ಬೇಡಿಕೆ ಇಷ್ಟೇ: ಅವಳನ್ನೇ ಕೇಳಿ, ಅವಳೊಬ್ಬಳೇ ಇರುವಾಗ ಕೇಳಿ. ಆಶಾ ಕಾರ್ಯಕರ್ತೆಯರು ಮನೆಗೆ ಹೋಗುತ್ತಾರೆ. ಗ್ರಾಮ ಪಂಚಾಯಿತಿಗೊಬ್ಬ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಆಗುವ ಮಾತು ಪ್ರಮಾಣಪತ್ರ, ಮಾಸಾಶನಗಳಿಗೇ ಮುಗಿಯುತ್ತದೆ. ‘ಕಾರ್ಡ್ ಯಾರ ಬಳಿ ಇದೆ? ಬೇಕೆಂದಾಗ ಹೊರಗೆ ಹೋಗಲು ಆಗುತ್ತದೆಯೇ?’ ಎಂದು ಕೇಳಲು ಅವರಿಗೆ ಕಲಿಸಿ. ಹೊಡೆದ ಮೇಲೆ ಓಡಿ ಬರುವುದಕ್ಕಿಂತ ಇದು ಮೇಲು.

ನೋಡಿಕೊಳ್ಳುವವರ ಬವಣೆಯೂ ನನಗೆ ಗೊತ್ತು. ಇಪ್ಪತ್ತು ವರ್ಷದ ಮಗನನ್ನು ಎತ್ತಿ ಮಲಗಿಸಿ ಸೊಂಟ ಬಿದ್ದ ತಾಯಂದಿರಿದ್ದಾರೆ, ‘ನಿನ್ನ ಹೊಟ್ಟೆಯದೇ ದೋಷ’ ಎಂದು ಗಂಡನಿಂದ ಹೊಡೆಸಿಕೊಳ್ಳುವವರೂ ಅವರೇ. ಹಗಲು ಹೊತ್ತು ಮಗನನ್ನು ಬಿಡಲು ತಾಲ್ಲೂಕಿಗೊಂದು ಆರೈಕೆ ಕೇಂದ್ರ ಬೇಕು. ದಣಿವು ಹೊಡೆಯಲು ಪರವಾನಗಿಯಲ್ಲ, ನಿಜ. ಆದರೆ ದಣಿದವರನ್ನು ಬಾಗಿಲು ಹಾಕಿದ ಮನೆಯಲ್ಲಿ ಬಿಟ್ಟು ಬುದ್ಧಿ ಹೇಳಿ ಏನು ಪ್ರಯೋಜನ?

ಅವಳೊಬ್ಬಳನ್ನೇ ಕೇಳುವ ಕೆಲಸವನ್ನು ಯುಡಿಐಡಿ ಕಾರ್ಡ್ (ವಿಕಲಚೇತನರ ಗುರುತಿನ ಚೀಟಿ) ಶಿಬಿರಗಳಲ್ಲೇ ಶುರು ಮಾಡಬಹುದು. ಒಂದು ಪರದೆ, ಒಬ್ಬ ಮಹಿಳಾ ಸಿಬ್ಬಂದಿ, ಸಂಜ್ಞಾಭಾಷೆ ಬಲ್ಲ ಒಬ್ಬರು, ಐದು ನಿಮಿಷ. ‘ಗಂಡನನ್ನು ಹೊರಗೆ ನಿಲ್ಲಿಸಿದರೆ ಸುಮ್ಮನೆ ಮನಸ್ತಾಪ’ ಎಂದು ಪರಿಚಯದ ಅಧಿಕಾರಿಯೊಬ್ಬರು ರಾಗ ಎಳೆದರು. ಎಕ್ಸ್‌ರೇ ಕೋಣೆಯ ಹೊರಗೆ ತಕರಾರಿಲ್ಲದೆ ನಿಲ್ಲುವ ಗಂಡ ಇಲ್ಲೂ ಐದು ನಿಮಿಷ ನಿಲ್ಲಲಿ. ನಿಲ್ಲುವುದಿಲ್ಲ ಎಂದು ಹಟ ಹಿಡಿದರೆ ಆ ಮನೆಯ ವಿಳಾಸವನ್ನೇ ಮೊದಲು ಬರೆದಿಟ್ಟುಕೊಳ್ಳಿ.